ಸುರುಳಿ ಗೆಲಾಕ್ಸಿಗಳ ನಡುವಿನಲ್ಲಿ: ಅನಿಲದ ಓಟ, ನಕ್ಷತ್ರಗಳ ಹುಟ್ಟು

ಏಪ್ರಿಲ್ ತಿಂಗಳ ಮೊದಲ ವಾರದಲ್ಲಿ, ನಸುಕಿನ ಐದು ಗಂಟೆಯ ಹೊತ್ತಿಗೆ, ನಿಡಗುಂದಿಯ ಹೊರಗಿನ ಯಾವುದಾದರೊಂದು ಬಯಲು ಹೊಲದಲ್ಲಿ ನಿಂತು ದಕ್ಷಿಣಕ್ಕೆ ಮುಖಮಾಡಿದರೆ ವೃಶ್ಚಿಕರಾಶಿಯೂ, ಅದರ ಎಡಕ್ಕೆ ಧನುರಾಶಿಯೂ ಕಾಣುವುವು. ಚೇಳಿನ ಬಾಲದ ತುದಿಯಲ್ಲಿರುವ ಮೂಲಾನಕ್ಷತ್ರದಿಂದ ತುಸು ಮೇಲಕ್ಕೆ ದೃಷ್ಟಿ ಹಾಯಿಸಿದರೆ ಆಕಾಶಗಂಗೆಯ ಬಿಳಿಪಟ್ಟೆಯು ದಪ್ಪವಾಗಿ ಹರಡಿಕೊಂಡಿರುವುದನ್ನು ಕಾಣಬಹುದು. ನಮ್ಮ ಗೆಲಾಕ್ಸಿಯ ನಡುಬಿಂದುವು ಇರುವುದು ಆ ದಿಕ್ಕಿನಲ್ಲಿಯೇ.

ಇಲ್ಲಿ ನಮ್ಮ ಊರಿನ ಭಾಗ್ಯವೊಂದನ್ನು ಗಮನಿಸಬೇಕು. ನಿಡಗುಂದಿಯ ಅಕ್ಷಾಂಶವು ಸುಮಾರು 16 ಅಂಶ ಉತ್ತರ. ಗೆಲಾಕ್ಸಿಯ ನಡುಬಿಂದುವು ಖಗೋಳದ ವಿಷುವದ್ವೃತ್ತದಿಂದ 29 ಅಂಶ ದಕ್ಷಿಣಕ್ಕಿದೆ. 90ರಿಂದ ಇವೆರಡನ್ನೂ ಕಳೆದರೆ 45 ಉಳಿಯುವುದು. ಎಂದರೆ, ಅದು ನಮ್ಮ ದಿಗಂತದಿಂದ 45 ಅಂಶ ಎತ್ತರಕ್ಕೆ, ನೆತ್ತಿಗೆ ಅರ್ಧದಾರಿಯವರೆಗೆ ಏರುತ್ತದೆ. ಲಂಡನ್ನಿನಲ್ಲಿ ನಿಂತವನಿಗೆ ಅದು ಹತ್ತು ಅಂಶವೂ ಏರುವುದಿಲ್ಲ. ಹೀಗಿದ್ದರೂ ಆ ನಡುಬಿಂದುವು ನಮ್ಮ ಕಣ್ಣಿಗೆ ಕಾಣದು. ದಾರಿಯಲ್ಲಿರುವ ಧೂಳು ಅದರ ಬೆಳಕನ್ನು ನುಂಗಿಬಿಡುವುದು. ಅಲ್ಲಿಂದ ಹೊರಟ ಒಂದು ಲಕ್ಷ ಕೋಟಿ ಬೆಳಕಿನ ಕಣಗಳಲ್ಲಿ ಸುಮಾರು ಒಂದು ಮಾತ್ರ ನಮ್ಮನ್ನು ತಲುಪುವುದೆಂದು ಅಂದಾಜು ಮಾಡಲಾಗಿದೆ.

ಆ ಪರದೆಯ ಹಿಂದೆ ಏನು ನಡೆಯುತ್ತಿದೆ? ಅಲ್ಲಿ ನಕ್ಷತ್ರಗಳು ಹುಟ್ಟುತ್ತಿವೆಯೇ? ಹುಟ್ಟುವುದಾದರೆ ಅದಕ್ಕೆ ಬೇಕಾದ ಅನಿಲವು ಎಲ್ಲಿಂದ ಬರುವುದು, ಎಷ್ಟು ದಿನ ಬಾಳುವುದು? ಈ ಪ್ರಶ್ನೆಗಳನ್ನು ಬಿಡಿಸುವುದರಲ್ಲಿ ನಮ್ಮ ಬೆಂಗಳೂರಿನ ವಿಜ್ಞಾನಿಗಳ ಪಾಲೂ ಇದೆ. ಅದನ್ನು ಕ್ರಮವಾಗಿ ನೋಡೋಣ.

ತಟ್ಟೆಯೂ ಅದರ ನಡುವೂ

ಸುರುಳಿ ಗೆಲಾಕ್ಸಿಯೆಂಬುದು ಸಾವಿರಾರು ಕೋಟಿ ನಕ್ಷತ್ರಗಳ ಒಂದು ತೆಳುವಾದ ತಟ್ಟೆ. ನಮ್ಮ ಗೆಲಾಕ್ಸಿಯ ತಟ್ಟೆಯ ವ್ಯಾಸವು ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ. ಸೂರ್ಯನು ನಡುವಿನಿಂದ ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿದ್ದಾನೆ. ನಕ್ಷತ್ರಗಳ ನಡುವಣ ತೆರಪಿನಲ್ಲಿ ಅನಿಲವಿದೆ. ಅದರ ಬಹುಪಾಲು ಜಲಜನಕ. ಉಳಿದುದರಲ್ಲಿ ಹೀಲಿಯಮ್ ಹೆಚ್ಚು. ಜೊತೆಗೆ ಸ್ವಲ್ಪ ಧೂಳು.

ಈ ಅನಿಲದ ಮೋಡವೊಂದು ತಣ್ಣಗಿದ್ದು ದಟ್ಟವಾದಾಗ ಅದರ ಸ್ವಂತ ಗುರುತ್ವವು ಒಳಕ್ಕೆ ಎಳೆಯುವುದು. ಅನಿಲದ ಒತ್ತಡವೂ ಅದರ ಒಳಗಿನ ಕ್ಷೋಭೆಯೂ ಹೊರಕ್ಕೆ ತಳ್ಳುವುವು. ಗುರುತ್ವವು ಗೆದ್ದಾಗ ಮೋಡವು ಕುಸಿದು ನಕ್ಷತ್ರಗಳಾಗುವುದು. ಆದುದರಿಂದ ನಕ್ಷತ್ರೋತ್ಪತ್ತಿಗೆ ಎರಡು ಬೇಕು: ಸಾಕಷ್ಟು ಅನಿಲ ಒಂದೆಡೆ ಸೇರಬೇಕು, ಸೇರಿದ ಅನಿಲ ತಣಿಯಬೇಕು. ಗೆಲಾಕ್ಸಿಯ ನಡುವಿನಲ್ಲಿ ಮೊದಲನೆಯದು ಆಗುವುದೇ ಒಂದು ಸೋಜಿಗ. ಏಕೆಂಬುದನ್ನು ತಿಳಿಯಲು ನಮ್ಮ ಕಣಕ್ಕೆ ಬರಬೇಕು.

ಹಂತಿಯ ಪಾಠ

ಈಗ ರಾಶಿ ಮಾಡಲು ಯಂತ್ರಗಳು ಬಂದಿವೆ. ಆದರೂ ಕಣದ ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ, ಜೋಳದ ತೆನೆಯ ಮೇಲೆ ಹಂತಿ ಹೊಡೆಯುವುದನ್ನು ಕಂಡ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಹಂತಿಯಲ್ಲಿ ಮೇಟಿಯ ಬಳಿಯ ಎತ್ತು ಮೆಲ್ಲಗೆ ನಡೆಯುವುದು. ಹೊರತುದಿಯ ಎತ್ತು ಬಿರುಸಾಗಿ ನಡೆಯುವುದು. ಆದರೆ ಎಲ್ಲ ಎತ್ತುಗಳೂ ಒಂದೇ ಹೊತ್ತಿನಲ್ಲಿ ಒಂದು ಸುತ್ತು ಮುಗಿಸುವುವು. ಇದನ್ನು ಗಟ್ಟಿವಸ್ತುವಿನ ಭ್ರಮಣ ಎನ್ನುತ್ತೇವೆ.

ಗೆಲಾಕ್ಸಿಯ ತಟ್ಟೆಯು ಹೀಗೆ ತಿರುಗುವುದಿಲ್ಲ. ಅಲ್ಲಿ ಒಳಗಿನವೂ ಹೊರಗಿನವೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಓಡುವುವು. ಸೂರ್ಯನ ವೇಗವು ಸೆಕೆಂಡಿಗೆ ಸುಮಾರು 230 ಕಿಲೋಮೀಟರು. ಒಂದು ಸುತ್ತಿಗೆ ಅವನಿಗೆ ಇಪ್ಪತ್ತು ಕೋಟಿ ವರ್ಷಗಳಿಗಿಂತ ಹೆಚ್ಚು ಬೇಕು. ನಡುವಿನಿಂದ 1,000 ಜ್ಯೋತಿರ್ವರ್ಷ ದೂರದಲ್ಲಿ ಸೆಕೆಂಡಿಗೆ 150 ಕಿಲೋಮೀಟರಿನಂತೆ ಓಡುವ ಮೋಡಕ್ಕೆ ಒಂದೂಕಾಲು ಕೋಟಿ ವರ್ಷ ಸಾಕು. ಅತ್ಯಂತ ಒಳಗಿನ ಭಾಗದಲ್ಲಿ ಮಾತ್ರ, ಹಲವು ಗೆಲಾಕ್ಸಿಗಳಲ್ಲಿ, ವೇಗವು ದೂರಕ್ಕೆ ಅನುಗುಣವಾಗಿ ಏರುವುದುಂಟು. ಅಲ್ಲಿ ಗೆಲಾಕ್ಸಿಯೂ ಹಂತಿಯಂತೆಯೇ ತಿರುಗುವುದು.

ಈಗ ಸೂರ್ಯನ ನೆರೆಯಲ್ಲಿರುವ ಒಂದು ಮೋಡವು ಆ ಒಳನಾಡಿಗೆ ಇಳಿಯಬೇಕೆಂದಿಟ್ಟುಕೊಳ್ಳೋಣ. ವೇಗವನ್ನು ದೂರದಿಂದ ಗುಣಿಸಿದರೆ ಒಂದು ಕಿಲೋಗ್ರಾಂ ಅನಿಲದ ಕೋನೀಯ ಸಂವೇಗ ದೊರೆಯುವುದು. ಹೊರಗೆ ಅದು 230ನ್ನು 26,000ದಿಂದ ಗುಣಿಸಿದಷ್ಟು. ಒಳಗೆ 150ನ್ನು 1,000ದಿಂದ ಗುಣಿಸಿದಷ್ಟು. ಭಾಗಿಸಿ ನೋಡಿದರೆ ಮೊದಲನೆಯದು ಎರಡನೆಯದರ ನಲವತ್ತರಷ್ಟಿದೆ. ಎಂದರೆ, ಒಳಗೆ ಇಳಿಯಬೇಕಾದ ಅನಿಲವು ತನ್ನ ಕೋನೀಯ ಸಂವೇಗದ ನಲವತ್ತು ಪಾಲಿನಲ್ಲಿ ಮೂವತ್ತೊಂಬತ್ತು ಪಾಲನ್ನು ಬೇರೆಯವರಿಗೆ ಒಪ್ಪಿಸಿಬಿಡಬೇಕು. ಕೋನೀಯ ಸಂವೇಗವು ತಾನಾಗಿಯೇ ಮಾಯವಾಗುವುದಿಲ್ಲ. ಅದನ್ನು ಯಾರು ತೆಗೆದುಕೊಳ್ಳುವರು?

ದಂಡವೆಂಬ ಕಾಲುವೆ

ಉತ್ತರವು ಗೆಲಾಕ್ಸಿಯ ಆಕಾರದಲ್ಲಿಯೇ ಇದೆ. ಬಹಳಷ್ಟು ಸುರುಳಿ ಗೆಲಾಕ್ಸಿಗಳ ನಡುವಿನಲ್ಲಿ ನಕ್ಷತ್ರಗಳು ಒಂದು ಉದ್ದನೆಯ ದಂಡದಂತೆ ಜೋಡಣೆಗೊಂಡಿರುವುವು. ನಮ್ಮ ಗೆಲಾಕ್ಸಿಗೂ ಇಂಥದೊಂದು ದಂಡವಿದೆ. ದಂಡವು ತಿರುಗುವಾಗ ಅನಿಲವು ಅದರ ಮುಂಬದಿಯ ಅಂಚಿನಲ್ಲಿ ಒಂದಕ್ಕೊಂದು ಡಿಕ್ಕಿಹೊಡೆದು ಜಮಾಯಿಸುವುದು. ಛಾಯಾಚಿತ್ರಗಳಲ್ಲಿ ಅಲ್ಲಿ ಕಪ್ಪನೆಯ ಧೂಳಿನ ಗೆರೆ ಕಾಣುವುದು. ಹೀಗೆ ಮುಂದೆ ನಿಂತ ಅನಿಲವನ್ನು ಹಿಂದಿರುವ ದಂಡವು ತನ್ನ ಗುರುತ್ವದಿಂದ ಹಿಂದಕ್ಕೆ ಎಳೆಯುವುದು. ಅನಿಲವು ಕೋನೀಯ ಸಂವೇಗವನ್ನು ದಂಡಕ್ಕೆ ಒಪ್ಪಿಸಿ ಒಳಕ್ಕೆ ಇಳಿಯುವುದು. ಆಲಮಟ್ಟಿಯಲ್ಲಿ ನಿಂತ ಕೃಷ್ಣೆಯ ನೀರು ತಾನಾಗಿ ಹೊಲವನ್ನು ಸೇರುವುದಿಲ್ಲ, ಕಾಲುವೆ ಬೇಕು. ತಟ್ಟೆಯ ಅನಿಲಕ್ಕೆ ದಂಡವೇ ಕಾಲುವೆ.

ಇಳಿದ ಅನಿಲವು ನೇರವಾಗಿ ನಡುಬಿಂದುವಿಗೆ ಬೀಳುವುದಿಲ್ಲ. ಅದಕ್ಕೆ ಸಾವಿರ ಎರಡು ಸಾವಿರ ಜ್ಯೋತಿರ್ವರ್ಷ ಹೊರಗೆಯೇ, ದಂಡದ ಎಳೆತವು ಪರಿಣಾಮ ಕಳೆದುಕೊಳ್ಳುವ ಕಡೆ, ಅದು ಉಂಗುರದಂತೆ ನಿಲ್ಲುವುದು. ಅಲ್ಲಿ ಅನಿಲವು ದಟ್ಟವಾಗಿ ನಕ್ಷತ್ರಗಳು ಗೊಂಚಲುಗೊಂಚಲಾಗಿ ಹುಟ್ಟುವುವು. ಸಿಂಹರಾಶಿಯಲ್ಲಿರುವ ಮೆಸ್ಸಿಯೆ 95 ಎಂಬ ಗೆಲಾಕ್ಸಿಯಲ್ಲಿ ಇದು ಸ್ಪಷ್ಟವಾಗಿ ಕಾಣುವುದು. ನಡುವಿನ ಸುತ್ತ ಹೊಸ ನಕ್ಷತ್ರಗಳ ಉಂಗುರವಿದೆ. ಆದರೆ ದಂಡವು ಬಾಚಿಕೊಂಡ ಪ್ರದೇಶವು ಅನಿಲವಿಲ್ಲದೆ, ಹೊಸ ನಕ್ಷತ್ರಗಳಿಲ್ಲದೆ ಬರಿದಾಗಿದೆ. ಕಾಲುವೆಯು ಒಂದು ಹೊಲಕ್ಕೆ ನೀರುಣಿಸಿ ಇನ್ನೊಂದನ್ನು ಒಣಗಿಸಿದಂತಾಯಿತು.

ಇಂಥ ನಡುವಿನ ಬೆಳಕಿನ ತುಣುಕುಗಳನ್ನು 1958ರಲ್ಲಿ ಡಬ್ಲ್ಯು. ಡಬ್ಲ್ಯು. ಮಾರ್ಗನ್ ಗುರುತಿಸಿದರು. 1965ರಲ್ಲಿ ಅರ್ಜೆಂಟೀನಾದ ಸೆರ್ಸಿಕ್ ಮತ್ತು ಮಿರಿಯಾನಿ ಪಾಸ್ಟೊರಿಸಾ ಅವರು ಈ ಬಗೆಯ ಗೆಲಾಕ್ಸಿಗಳನ್ನು ಪಟ್ಟಿಮಾಡಿದರು. ಆದುದರಿಂದ ಇವುಗಳಿಗೆ ಸೆರ್ಸಿಕ್–ಪಾಸ್ಟೊರಿಸಾ ಗೆಲಾಕ್ಸಿಗಳೆಂಬ ಹೆಸರು ಬಂದಿತು.

ಇಲ್ಲಿ ನಮ್ಮವರ ಕೆಲಸ ಬರುವುದು. ವೈಣು ಬಾಪು ಅವರ ನೇತೃತ್ವದಲ್ಲಿ ತಮಿಳುನಾಡಿನ ಕಾವಲೂರಿನಲ್ಲಿ ವೀಕ್ಷಣಾಲಯವು ಬೆಳೆಯಿತು. ಅಲ್ಲಿ 1972ರಲ್ಲಿ 1 ಮೀಟರ್ ವ್ಯಾಸದ ದೂರದರ್ಶಕವು ನೆಲೆಗೊಂಡಿತು. ಅದನ್ನು ನಡೆಸುವ ಭಾರತೀಯ ಖಗೋಳಭೌತ ಸಂಸ್ಥೆಯ ಕೇಂದ್ರವು ಬೆಂಗಳೂರಿನಲ್ಲಿದೆ. ಆ ಸಂಸ್ಥೆಯ ಟಿ. ಪಿ. ಪ್ರಭು ಅವರು 1980ರಲ್ಲಿ, ಬೆಂಗಳೂರಿನಿಂದ ಆಗತಾನೆ ಹೊರಡತೊಡಗಿದ್ದ ಖಗೋಳ ವಿಜ್ಞಾನದ ಪತ್ರಿಕೆಯ ಮೊದಲ ಸಂಪುಟದಲ್ಲಿ, ಸೆರ್ಸಿಕ್–ಪಾಸ್ಟೊರಿಸಾ ಗೆಲಾಕ್ಸಿಗಳ ನಡುವಿನ ಸುತ್ತಣ ರಚನೆಗಳನ್ನು ಕುರಿತು ಪ್ರಬಂಧವನ್ನು ಪ್ರಕಟಿಸಿದರು.

ಧೂಳಿನ ಪರದೆಯನ್ನು ದಾಟುವುದೆಂತು?

ಹೊಸದಾಗಿ ಹುಟ್ಟಿದ ನಕ್ಷತ್ರಗಳಲ್ಲಿ ಭಾರವಾದವುಗಳು ಬಹಳ ಬಿಸಿ. ಅವು ಅತಿನೇರಿಳೆ ಕಿರಣಗಳನ್ನು ಚೆಲ್ಲುವುವು. 912 ಆಂಗ್‌ಸ್ಟ್ರಾಮಿಗಿಂತ ಕಿರಿದಾದ ಅಲೆಯುದ್ದದ ಕಿರಣವು ತಗುಲಿದರೆ ಜಲಜನಕದ ಪರಮಾಣುವು ತನ್ನ ಎಲೆಕ್ಟ್ರಾನನ್ನು ಕಳೆದುಕೊಳ್ಳುವುದು. ಮತ್ತೆ ಎಲೆಕ್ಟ್ರಾನೊಂದು ಸಿಕ್ಕಿದಾಗ ಅದು ಮೇಲಿನ ಮೆಟ್ಟಿಲಿನಿಂದ ಒಂದೊಂದೇ ಮೆಟ್ಟಿಲಿಳಿದು ಬರುವುದು. ಮೂರನೆಯ ಮೆಟ್ಟಿಲಿನಿಂದ ಎರಡನೆಯದಕ್ಕೆ ಇಳಿದಾಗ 6,563 ಆಂಗ್‌ಸ್ಟ್ರಾಮಿನ ಕೆಂಪು ಬೆಳಕು ಹೊರಡುವುದು. ಈ ಕೆಂಪು ರೇಖೆಯ ಪ್ರಖರತೆಯಿಂದ ಎಷ್ಟು ನಕ್ಷತ್ರಗಳು ಹುಟ್ಟಿವೆಯೆಂದು ಲೆಕ್ಕಹಾಕಬಹುದು. ಭಾರವಾದ ನಕ್ಷತ್ರಗಳು ಬಾಳುವುದು ಕೆಲವು ಹತ್ತು ಲಕ್ಷಗಳಿಂದ ಕೆಲವು ಕೋಟಿ ವರ್ಷಗಳವರೆಗೆ ಮಾತ್ರ. ಆದಕಾರಣ ಅವು ಕಂಡಲ್ಲಿ ನಕ್ಷತ್ರೋತ್ಪತ್ತಿಯು ಈಚಿನದೆಂದೇ ತಿಳಿಯಬೇಕು.

2015ರ ಸೆಪ್ಟೆಂಬರ್ 28ರಂದು ಹಾರಿದ ನಮ್ಮ ದೇಶದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿರುವ ಅತಿನೇರಿಳೆ ದೂರದರ್ಶಕವು ಇಂಥ ಎಳೆಯ ನಕ್ಷತ್ರಗಳನ್ನು ನೇರವಾಗಿಯೇ ನೋಡಬಲ್ಲುದು. ಅದರ ನಿರ್ಮಾಣದಲ್ಲಿ ಮೇಲೆ ಹೇಳಿದ ಬೆಂಗಳೂರಿನ ಸಂಸ್ಥೆಯೇ ಮುಂದಾಳು. ಆದರೆ ಒಂದು ತೊಡಕಿದೆ. ನಕ್ಷತ್ರಗಳು ಹೆಚ್ಚಾಗಿ ಹುಟ್ಟುವಲ್ಲಿಯೇ ಧೂಳೂ ಹೆಚ್ಚು. ಕೆಂಪು ಬೆಳಕೂ ಅತಿನೇರಿಳೆಯೂ ಅದರಲ್ಲಿ ಅಡಗಿಹೋಗುವುವು. ಧೂಳಿಗೆ ಅಂಜದ ಕಿರಣವೊಂದು ಬೇಕು. ಅದೇ ರೇಡಿಯೋ ಅಲೆ.

ಎಲೆಕ್ಟ್ರಾನು ಮೂರನೆಯ ಮೆಟ್ಟಿಲನ್ನು ತಲುಪುವ ಮುನ್ನ ಬಹಳ ಮೇಲಿನ ಮೆಟ್ಟಿಲುಗಳನ್ನೂ ಹಾಯಬಹುದಷ್ಟೆ. 93ನೆಯ ಮೆಟ್ಟಿಲಿನಿಂದ 92ನೆಯದಕ್ಕೆ ಇಳಿದರೆ ಏನಾಗುವುದು? ಕಾಲೇಜಿನ ವಿದ್ಯಾರ್ಥಿಗಳು ರಿಡ್‌ಬರ್ಗನ ಸೂತ್ರವನ್ನು ಬಲ್ಲರು. 92ರ ವರ್ಗ 8,464. 93ರ ವರ್ಗ 8,649. ಇವುಗಳ ವಿಲೋಮಗಳ ವ್ಯತ್ಯಾಸವನ್ನು ತೆಗೆದು, ಜಲಜನಕದ ರಿಡ್‌ಬರ್ಗ್ ಸ್ಥಿರಾಂಕವಾದ 1,09,678ರಿಂದ ಗುಣಿಸಿದರೆ ಸೆಂಟಿಮೀಟರಿಗೆ 0.277 ಅಲೆಗಳು ಬರುವುವು. ಅಲೆಯುದ್ದವು 3.6 ಸೆಂಟಿಮೀಟರು, ಇದು ಅಪ್ಪಟ ರೇಡಿಯೋ ಅಲೆ. ಆ ಮೆಟ್ಟಿಲಿನಲ್ಲಿ ಪರಮಾಣುವಿನ ತ್ರಿಜ್ಯವು ಸಾಮಾನ್ಯ ಜಲಜನಕದ ತ್ರಿಜ್ಯದ 8,464ರಷ್ಟು, ಸುಮಾರು 4,500 ಆಂಗ್‌ಸ್ಟ್ರಾಮು! ಪರಮಾಣುವು ನೀಲಿಬೆಳಕಿನ ಅಲೆಯಷ್ಟು ಉಬ್ಬಿರುವುದು. ನಮ್ಮ ಪ್ರಯೋಗಶಾಲೆಯ ದಟ್ಟ ಅನಿಲದಲ್ಲಿ ಇಂಥ ಪರಮಾಣು ನೆರೆಯವರ ತಾಕಲಾಟದಿಂದ ಕ್ಷಣಮಾತ್ರವೂ ಉಳಿಯದು. ಆಕಾಶದ ವಿರಳ ಅನಿಲದಲ್ಲಿ ಮಾತ್ರ ಅದಕ್ಕೆ ತೆರಪುಂಟು.

ಇಂಥ ರೇಖೆಗಳು ದೊರೆಯಬಹುದೆಂದು 1959ರಲ್ಲಿ ರಷ್ಯಾದ ಕಾರ್ಡಶೇವ್ ತಿಳಿಸಿದರು. 1964ರಲ್ಲಿ ಅವು ಅಲ್ಲಿಯೇ ಕಂಡುಬಂದವು. 1977ರಲ್ಲಿ ಹೊರಗಿನ ಗೆಲಾಕ್ಸಿಗಳಲ್ಲಿಯೂ ದೊರೆತವು.

ಶಿಲ್ಪಿ ರಾಶಿಯ ಗೆಲಾಕ್ಸಿ

ಈ ರೇಖೆಗಳನ್ನು ಗೆಲಾಕ್ಸಿಗಳ ನಡುವನ್ನು ಅಳೆಯುವ ಸಾಧನವನ್ನಾಗಿ ಪಳಗಿಸಿದವರಲ್ಲಿ ಕೆ. ಆರ್. ಅನಂತರಾಮಯ್ಯ ಅವರು ಪ್ರಮುಖರು. ಅವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದವರು, ಸರ್ ಸಿ. ವಿ. ರಾಮನ್ ಅವರು 1948ರಲ್ಲಿ ಸ್ಥಾಪಿಸಿದ ಸಂಸ್ಥೆ ಅದು. ಊಟಿಯ ರೇಡಿಯೋ ದೂರದರ್ಶಕದಿಂದ ಅವರು ನಮ್ಮದೇ ಗೆಲಾಕ್ಸಿಯ ಒಳನಾಡಿನ ಅನಿಲದಲ್ಲಿ ಈ ಜಾತಿಯ ರೇಖೆಗಳನ್ನು ಅಭ್ಯಸಿಸಿದರು. ಅನಂತರ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿರುವ 27 ಬಟ್ಟಲುಗಳ ಮಹಾ ರೇಡಿಯೋ ವ್ಯೂಹವನ್ನು ಬಳಸಿ ಹೊರಗಿನ ಗೆಲಾಕ್ಸಿಗಳತ್ತ ತಿರುಗಿದರು.

ಅವುಗಳಲ್ಲಿ ಒಂದು ಎನ್.ಜಿ.ಸಿ. 253. ಕ್ಯಾರೊಲೀನ್ ಹರ್ಷೆಲ್ 1783ರ ಸೆಪ್ಟೆಂಬರಿನಲ್ಲಿ ಕಂಡುಹಿಡಿದ ಈ ಸುರುಳಿ ಗೆಲಾಕ್ಸಿಯು ಶಿಲ್ಪಿ ರಾಶಿಯಲ್ಲಿದೆ. ನಮ್ಮಿಂದ ಅದರ ದೂರ ಸುಮಾರು 1 ಕೋಟಿ 14 ಲಕ್ಷ ಜ್ಯೋತಿರ್ವರ್ಷ. ಅದರ ನಡುವಿನ ಕಿರಿದಾದ ಪ್ರದೇಶವೊಂದರಲ್ಲಿಯೇ ವರ್ಷಕ್ಕೆ ಸುಮಾರು ಎರಡು ಸೂರ್ಯರ ತೂಕದ ಅನಿಲವು ನಕ್ಷತ್ರಗಳಾಗುತ್ತಿದೆ. ನಮ್ಮ ಇಡೀ ಗೆಲಾಕ್ಸಿಯಲ್ಲಿ ಆಗುವಷ್ಟೇ ಕೆಲಸವು ಅಲ್ಲಿ ಸಾವಿರಾರು ಜ್ಯೋತಿರ್ವರ್ಷದೊಳಗೆ ನಡೆದಿದೆ.

ಅನಂತರಾಮಯ್ಯ ಅವರೂ ಮಿಲ್ಲರ್ ಗಾಸ್ ಅವರೂ 93ರಿಂದ 92ಕ್ಕೆ ಇಳಿಯುವ ಆ ರೇಖೆಯನ್ನು ಈ ನಡುವಿನಲ್ಲಿ ಅಳೆದು 1996ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನಮ್ಮತ್ತ ಬರುವ ಅನಿಲದ ರೇಖೆಯು ಕಿರಿದಾದ ಅಲೆಯುದ್ದಕ್ಕೂ, ದೂರ ಸರಿಯುವ ಅನಿಲದ ರೇಖೆಯು ಹಿರಿದಾದ ಅಲೆಯುದ್ದಕ್ಕೂ ಜರುಗುವುದೆಂಬ ಡಾಪ್ಲರ್ ಪರಿಣಾಮವನ್ನು ವಾಚಕರು ಬಲ್ಲರು. ಅದರಿಂದ ಅಯಾನೀಕೃತ ಅನಿಲದ ವೇಗವನ್ನು ಅವರು ಬಿಂದುಬಿಂದುವಿಗೂ ಗುರುತುಮಾಡಿದರು. ಆಗ ಕಂಡುದೇನು? ಅನಿಲವು ಹಂತಿಯಂತೆ ಗಟ್ಟಿಯಾಗಿ ತಿರುಗುತ್ತಿದ್ದಿತು. ಆದರೆ ಒಂದೇ ಮೇಟಿಯ ಸುತ್ತ ಅಲ್ಲ. ಗೆಲಾಕ್ಸಿಯ ತಟ್ಟೆಯೊಡನೆ ತಿರುಗುವ ಭಾಗದ ಜೊತೆಗೆ, ಅದಕ್ಕೆ ಅಡ್ಡವಾದ ಸಮತಲಗಳಲ್ಲಿ ತಿರುಗುವ ಭಾಗಗಳೂ ಇದ್ದುವು. ಹೊರಗಿನಿಂದ ಯಾವುದೋ ಸಣ್ಣ ರಾಶಿಯು ಹಿಂದೊಮ್ಮೆ ಈ ನಡುವಿಗೆ ಬಂದು ಬಿದ್ದು ಕೂಡಿಕೊಂಡಿರಬಹುದೆಂದು ಅವರು ಸೂಚಿಸಿದರು. ಒಳಗಿನ ಬೆಂಕಿಗೆ ಕಟ್ಟಿಗೆಯು ದಂಡದಿಂದ ಮಾತ್ರವಲ್ಲ, ಇಂಥ ಬೀಳುವಿಕೆಯಿಂದಲೂ ಒದಗಬಹುದು.

2000ದಲ್ಲಿ ಅವರೂ ಸಂಗಡಿಗರೂ ಆರ್ಪ್ 220 ಎಂಬ, ಎರಡು ಗೆಲಾಕ್ಸಿಗಳು ಢಿಕ್ಕಿಯಾಗಿ ಕೂಡುತ್ತಿರುವ ಕಾಯದಲ್ಲಿ ಇದೇ ಬಗೆಯ ರೇಖೆಗಳನ್ನು ಅಳೆದರು. ಅಲ್ಲಿ ವರ್ಷಕ್ಕೆ ಸುಮಾರು 240 ಸೂರ್ಯರ ತೂಕದ ನಕ್ಷತ್ರಗಳು ಹುಟ್ಟುತ್ತಿವೆಯೆಂದು ಲೆಕ್ಕ ಬಂದಿತು. ಮರುವರ್ಷವೇ, 2001ರಲ್ಲಿ, ಅನಂತರಾಮಯ್ಯನವರು ಅಕಾಲದಲ್ಲಿ ತೀರಿಕೊಂಡರು. ಅವರು ತೋರಿದ ದಾರಿಯಲ್ಲಿ ಕೆಲಸವು ಮುಂದುವರಿದಿದೆ.

ಹುಟ್ಟಿಗೆ ಹುಟ್ಟೇ ಅಡ್ಡಿ

ಎನ್.ಜಿ.ಸಿ. 253ರ ಕಥೆ ಇಲ್ಲಿಗೇ ಮುಗಿಯಲಿಲ್ಲ. ಭಾರವಾದ ನಕ್ಷತ್ರಗಳು ಗಾಳಿಯನ್ನು ಊದುವುವು, ಕೊನೆಗೆ ಸಿಡಿಯುವುವು. ಸಾವಿರ ಜ್ಯೋತಿರ್ವರ್ಷದ ತ್ರಿಜ್ಯದಲ್ಲಿ ಮೋಡವೊಂದು ಒಂದು ಸುತ್ತು ಮುಗಿಸುವುದರೊಳಗಾಗಿ ಅದರಲ್ಲಿ ಹುಟ್ಟಿದ ಅತಿ ಭಾರದ ನಕ್ಷತ್ರಗಳು ಸಿಡಿದಿರುವುವು. ಈ ಸಿಡಿತಗಳು ಸುತ್ತಣ ಅನಿಲವನ್ನು ತಟ್ಟೆಯಿಂದಾಚೆಗೆ ತೂರಿಬಿಡುವುವು. 2013ರಲ್ಲಿ ಚಿಲಿ ದೇಶದ ಆಲ್ಮಾ ದೂರದರ್ಶಕದಿಂದ ಇದನ್ನು ಅಳೆಯಲಾಯಿತು. ತಣ್ಣನೆಯ ಜಲಜನಕದ ಅಣುವು ತಾನು ಬೆಳಗದು. ಅದರೊಡನಿರುವ ಇಂಗಾಲದ ಮಾನಾಕ್ಸೈಡು ಮಿಲಿಮೀಟರ್ ಅಲೆಗಳಲ್ಲಿ ಬೆಳಗುವುದು. ಅದನ್ನು ಹಿಡಿದು ನೋಡಿದಾಗ, ವರ್ಷಕ್ಕೆ ಕನಿಷ್ಠ 3, ಬಹುಶಃ 9 ಸೂರ್ಯರ ತೂಕದ ಅನಿಲವು ಹೊರಕ್ಕೆ ತೂರಿಹೋಗುತ್ತಿದೆಯೆಂದು ತಿಳಿಯಿತು.

ಲೆಕ್ಕವನ್ನು ಕೂಡಿಸಿ ನೋಡಿ. ನಕ್ಷತ್ರಗಳಾಗಿ ಖರ್ಚಾಗುವುದು ಎರಡು. ತೂರಿಹೋಗುವುದು ಅದಕ್ಕಿಂತ ಹೆಚ್ಚು. ರಾಶಿ ತೂರುವಾಗ ಗಾಳಿಯು ಹೊಟ್ಟನ್ನು ಮಾತ್ರವಲ್ಲದೆ ಕಾಳನ್ನೂ ಹೊತ್ತೊಯ್ದರೆ ಕಣದಲ್ಲಿ ಏನು ಉಳಿದೀತು? ಹೊಸ ಅನಿಲವು ಬರದಿದ್ದರೆ ಈ ಉರಿಯು ಹತ್ತು ಕೋಟಿ ವರ್ಷದ ಆಸುಪಾಸಿನಲ್ಲಿ ನಂದಬೇಕು. ಸೂರ್ಯನ ವಯಸ್ಸು 460 ಕೋಟಿ ವರ್ಷವೆಂಬುದನ್ನು ನೆನೆದರೆ ಇದು ಅಲ್ಪಕಾಲವೇ ಸರಿ. ಆದುದರಿಂದ ಗೆಲಾಕ್ಸಿಯ ನಡುವಿನ ನಕ್ಷತ್ರೋತ್ಪತ್ತಿಯು ಎಡೆಬಿಡದ ಹೊಳೆಯಲ್ಲ. ಬಂದು ಹೋಗುವ ಮಹಾಪೂರ.

ನಮ್ಮ ಮನೆಯ ಒಗಟು

ಈಗ ಧನುರಾಶಿಯ ದಿಕ್ಕಿಗೆ ಮರಳೋಣ. ನಮ್ಮ ಗೆಲಾಕ್ಸಿಯ ನಡುವಿನಲ್ಲಿ ಸುಮಾರು 43 ಲಕ್ಷ ಸೂರ್ಯರ ತೂಕದ ಕಪ್ಪುಕುಳಿಯಿದೆ. ಇದನ್ನು ಸುತ್ತುವ ನಕ್ಷತ್ರಗಳ ಚಲನೆಯಿಂದ ತೋರಿಸಿಕೊಟ್ಟ ರೈನ್‌ಹಾರ್ಡ್ ಗೆಂಜೆಲ್ ಮತ್ತು ಆಂಡ್ರಿಯಾ ಗೆಜ್ ಅವರಿಗೆ 2020ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಅದರ ಚಿತ್ರವು 2022ರ ಮೇ ತಿಂಗಳಲ್ಲಿ ಪ್ರಕಟವಾಯಿತು.

ಅದರ ಸುತ್ತಣ ಅನಿಲದ ಜಾಗವನ್ನು ಗೊತ್ತುಮಾಡುವುದು ಸುಲಭವಾಗಿರಲಿಲ್ಲ. ಕಪ್ಪುಕುಳಿಯನ್ನು ಸುತ್ತುವರಿದ ಅಯಾನೀಕೃತ ಅನಿಲಕ್ಕೆ ‘ಧನು ಎ ಪಶ್ಚಿಮ’ವೆಂದೂ, ಪಕ್ಕದ ಸಿಡಿದ ನಕ್ಷತ್ರದ ಅವಶೇಷಕ್ಕೆ ‘ಧನು ಎ ಪೂರ್ವ’ವೆಂದೂ ಹೆಸರು. ಇವುಗಳಲ್ಲಿ ಯಾವುದು ನಮಗೆ ಹತ್ತಿರ? 1989ರಲ್ಲಿ ಅಲನ್ ಪೆಡ್ಲರ್, ಅನಂತರಾಮಯ್ಯ ಮತ್ತು ಸಂಗಡಿಗರು 90 ಸೆಂಟಿಮೀಟರಿನ ಅಲೆಯಲ್ಲಿ ತೆಗೆದ ಚಿತ್ರವನ್ನು ಪ್ರಕಟಿಸಿದರು. ಅಷ್ಟು ಉದ್ದದ ಅಲೆಗೆ ಅಯಾನೀಕೃತ ಅನಿಲವು ಪಾರದರ್ಶಕವಲ್ಲ. ಚಿತ್ರದಲ್ಲಿ ಪಶ್ಚಿಮವು ಪೂರ್ವದ ಬೆಳಕಿನ ಮೇಲೆ ನೆರಳಿನಂತೆ ಕಂಡಿತು. ದೀಪದ ಮುಂದೆ ಕೈ ಹಿಡಿದರೆ ತಾನೆ ನೆರಳು? ಆದಕಾರಣ ಪಶ್ಚಿಮವೇ ಮುಂದಿದೆಯೆಂದು ಸಿದ್ಧವಾಯಿತು.

ಒಗಟು ಇರುವುದು ಇನ್ನೊಂದರಲ್ಲಿ. ನಮ್ಮ ಗೆಲಾಕ್ಸಿಯ ನಡುವಿನ ಸಾವಿರ ಜ್ಯೋತಿರ್ವರ್ಷದೊಳಗೆ ಕೆಲವು ಕೋಟಿ ಸೂರ್ಯರ ತೂಕದ ದಟ್ಟ ಅನಿಲವಿದೆ. ಅದರ ದಟ್ಟತೆಯನ್ನು ನೋಡಿದರೆ ಅಲ್ಲಿ ವರ್ಷಕ್ಕೆ ಒಂದು ಸೂರ್ಯನ ತೂಕದಷ್ಟಾದರೂ ನಕ್ಷತ್ರಗಳು ಹುಟ್ಟಬೇಕಾಗಿತ್ತು. ಹುಟ್ಟುತ್ತಿರುವುದು ಅದರ ಹತ್ತನೆಯ ಒಂದು ಪಾಲಿನ ಸುಮಾರು ಮಾತ್ರ. ಅನಿಲವು ಸೇರಿದೆ, ಆದರೆ ತಣಿದಿಲ್ಲ. ಸೂರ್ಯನ ನೆರೆಯ ಮೋಡಗಳಿಗಿಂತ ಅದು ಬೆಚ್ಚಗಿದೆ, ಒಳಗೆ ಬಲವಾಗಿ ಕಲಕಿಹೋಗಿದೆ. ಆ ಕಲಕಾಟವೇ ಕುಸಿತವನ್ನು ತಡೆಯುತ್ತಿದೆಯೆಂಬುದು ಹಲವರ ಮತ. ಇನ್ನು ಕೆಲವರು, ನಾವು ಎರಡು ಪೂರಗಳ ನಡುವಣ ಇಳಿತದ ಕಾಲದಲ್ಲಿ ನೋಡುತ್ತಿದ್ದೇವೆ ಎನ್ನುವರು. ಎರಡೂ ಸರಿಯಾಗಿರಲೂಬಹುದು. ಈ ಪ್ರಶ್ನೆಯು ಇನ್ನೂ ಇತ್ಯರ್ಥವಾಗಿಲ್ಲ.

ವಿದ್ಯಾರ್ಥಿಗಳಿಗೆ

ನವೆಂಬರ್ ನಡುವಿನಲ್ಲಿ ಚಂದ್ರನಿಲ್ಲದ ಒಂದು ರಾತ್ರಿ, ಒಂಬತ್ತು ಗಂಟೆಯ ಹೊತ್ತಿಗೆ, ಊರ ದೀಪಗಳಿಂದ ದೂರ ಹೋಗಿ ಒಂದು ದುರ್ಬೀನು ಹಿಡಿದು ದಕ್ಷಿಣಕ್ಕೆ ನೋಡಿರಿ. ತಿಮಿಂಗಿಲ ರಾಶಿಯ ಪ್ರಕಾಶಮಾನವಾದ ಬೀಟಾ ನಕ್ಷತ್ರವನ್ನು ಗುರುತಿಸಿ ಅಲ್ಲಿಂದ ಏಳು ಅಂಶ ಕೆಳಕ್ಕೆ ಇಳಿಯಿರಿ. ನೀಳವಾದ ಮಸುಕು ಗೆರೆಯೊಂದು ಕಾಣುವುದು. ಅದೇ ಎನ್.ಜಿ.ಸಿ. 253. ನಿಡಗುಂದಿಯಲ್ಲಿ ಅದು ಸುಮಾರು 49 ಅಂಶ ಎತ್ತರಕ್ಕೆ ಬರುವುದು. ಹೇಗೆಂಬುದನ್ನು, ಅದರ ಕ್ರಾಂತಿಯು 25 ಅಂಶ ದಕ್ಷಿಣವೆಂದು ತಿಳಿದುಕೊಂಡು, ನೀವೇ ಲೆಕ್ಕಹಾಕಿರಿ. ಹಾಗೆಯೇ 110ನೆಯ ಮೆಟ್ಟಿಲಿನಿಂದ 109ನೆಯದಕ್ಕೆ ಇಳಿದಾಗ ಜಲಜನಕವು ಬೀರುವ ಅಲೆಯ ಉದ್ದವನ್ನೂ ಕಂಡುಹಿಡಿಯಿರಿ.

ದುರ್ಬೀನಿನಲ್ಲಿ ಕಾಣುವ ಆ ಮಸುಕಿನಲ್ಲಿ ಉರಿಯಾಗಲಿ, ಬಿರುಗಾಳಿಯಾಗಲಿ ತೋರದು. ಅವು ತೋರುವುದು ಅಳತೆಗೆ. ಹೊಲದಲ್ಲಿ ನಿಂತು ಮಸುಕನ್ನು ನೋಡುವವನೂ, ಮೇಜಿನ ಮುಂದೆ ಕುಳಿತು 8,464ನ್ನೂ 8,649ನ್ನೂ ಭಾಗಿಸುವವನೂ ಒಂದೇ ಕೆಲಸದ ಎರಡು ತುದಿಗಳನ್ನು ಹಿಡಿದವರು. ನಮ್ಮ ಗೆಲಾಕ್ಸಿಯ ನಡುವಿನ ಅನಿಲವು ಏಕೆ ತಡೆದುನಿಂತಿದೆಯೆಂಬುದನ್ನು ನಾಳೆ ಬಿಡಿಸುವವರು ಇವೆರಡನ್ನೂ ಕಲಿತವರೇ ಆಗಿರುವರು. ಅವರು ನಮ್ಮ ಓದುಗರಲ್ಲಿಯೇ ಒಬ್ಬರಾಗಬಾರದೇಕೆ?